ದೀಪ ಹತ್ತುವ ಹೊತ್ತಿಗೆ ಗಾಳಿ ಇಳಿದಿರುತ್ತದೆ

ಮಂಡ್ಯದ ಯಾವ ಪಂಚರ್ ಅಂಗಡಿಯ ಮುಂದೆ ನಿಂತರೂ ಈ ಮಾತುಕತೆ ಕಿವಿಗೆ ಬೀಳುತ್ತದೆ. ‘ಎಷ್ಟು ಹೊಡೀಲಣ್ಣ?’ ಎಂದು ಹುಡುಗ ಕೇಳುತ್ತಾನೆ. ‘ಮುಂದಕ್ಕೆ ಮೂವತ್ತು, ಹಿಂದಕ್ಕೆ ಮೂವತ್ತೈದು ಹೊಡಿಯಪ್ಪ’ ಎಂದು ಕಾರಿನವರು ಹೇಳುತ್ತಾರೆ. ಈಚೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ: ‘ಮೀಟರ್ ಬೋರ್ಡಲ್ಲಿ ಹಳದಿ ಲೈಟು ಬತ್ತಾ ಅದೆ, ವಸಿ ಗಾಳಿ ನೋಡಪ್ಪ.’

ಆ ಹಳದಿ ದೀಪ ಟೈರಿನ ಅಡ್ಡಸೀಳಿನ ಚಿತ್ರ. ಕೆಳಗೆ ಗರಗಸದ ಹಲ್ಲಿನಂಥ ಗೆರೆ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಟೈರಿನ ಒತ್ತಡ ನಿಗಾ ವ್ಯವಸ್ಥೆ, ಅಂದರೆ ಟಿಪಿಎಂಎಸ್, ಚಾಲಕನಿಗೆ ಸುದ್ದಿ ಮುಟ್ಟಿಸುವುದು ಇದರ ಮೂಲಕ. ದೀಪ ಕಂಡು ಗಾಬರಿಯಾಗುವವರಿದ್ದಾರೆ, ತಿಂಗಳುಗಟ್ಟಲೆ ಉರಿಯಲು ಬಿಟ್ಟು ಓಡಾಡುವವರೂ ಇದ್ದಾರೆ. ನನಗೆ ಇವರಿಬ್ಬರಿಗಿಂತ ಹೆಚ್ಚು ಆತಂಕ ಹುಟ್ಟಿಸುವುದು ಮೂರನೆಯ ಗುಂಪು: ದೀಪ ಹತ್ತಿಲ್ಲ, ಆದ್ದರಿಂದ ಗಾಳಿ ಸರಿಯಾಗಿದೆ ಎಂದು ನಂಬಿ ಹೆದ್ದಾರಿ ಹತ್ತುವವರು. ಆ ನಂಬಿಕೆ ಎಷ್ಟು ತೆಳುವಾದದ್ದು ಎಂಬುದನ್ನು ನಮ್ಮ ಜಿಲ್ಲೆಯ ರಸ್ತೆಗಳನ್ನೇ ಮುಂದಿಟ್ಟುಕೊಂಡು ನೋಡಬೇಕಾದ ಕಾಲ ಬಂದಿದೆ.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ ಬೆಂಗಳೂರು–ಮೈಸೂರು ಹೆದ್ದಾರಿ, ಜನರ ಬಾಯಲ್ಲಿ ‘ದಶಪಥ’, ಕಾರು ಓಡಿಸುವ ರೀತಿಯನ್ನೇ ಬದಲಿಸಿತು. ಮೊದಲು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಊರುಗಳ ಒಳಗೇ ಹಾದು ಹೋಗಬೇಕಿತ್ತು. ಸಿಗ್ನಲ್ಲಿನಲ್ಲಿ ನಿಲ್ಲುತ್ತಿದ್ದೆವು, ಮದ್ದೂರಿನಲ್ಲಿ ವಡೆ ತಿನ್ನಲು ಇಳಿಯುತ್ತಿದ್ದೆವು. ಆ ನಿಲುಗಡೆಗಳಲ್ಲಿ ಟೈರುಗಳಿಗೂ ಆರಲು ಸ್ವಲ್ಪ ಬಿಡುವು ಸಿಗುತ್ತಿತ್ತು. ಈಗ ಮದ್ದೂರನ್ನು ಮೇಲ್ಸೇತುವೆಯಲ್ಲಿ, ಮಂಡ್ಯವನ್ನು ಬೈಪಾಸಿನಲ್ಲಿ ದಾಟಿಬಿಡುತ್ತೇವೆ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಗಂಟೆಗೆ 100 ಕಿಲೋಮೀಟರಿನ ಮಿತಿಯಲ್ಲಿ, ಒಮ್ಮೆಯೂ ಬ್ರೇಕ್ ಒತ್ತದೆ, ಒಂದು ಗಂಟೆ ಓಡಿಸುವುದು ಸಾಮಾನ್ಯ ಸಂಗತಿಯಾಗಿದೆ.

ಈ ಒಂದು ಗಂಟೆಯಲ್ಲಿ ಟೈರಿನ ಮೇಲೆ ಏನು ನಡೆಯುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಸಾಧಾರಣ ಕಾರಿನ ಚಕ್ರ ಒಂದು ಕಿಲೋಮೀಟರಿಗೆ 500ಕ್ಕೂ ಹೆಚ್ಚು ಸುತ್ತು ಹಾಕುತ್ತದೆ. 100ರ ವೇಗದಲ್ಲಿ ಸೆಕೆಂಡಿಗೆ ಸುಮಾರು 15 ಸುತ್ತು. ಪ್ರತಿ ಸುತ್ತಿನಲ್ಲೂ ಟೈರಿನ ಪಕ್ಕದ ಗೋಡೆ ನೆಲ ಮುಟ್ಟುವಾಗ ಬಾಗಿ, ಮೇಲೇರುವಾಗ ಮತ್ತೆ ನೆಟ್ಟಗಾಗುತ್ತದೆ. ಬೆಂಗಳೂರಿನಿಂದ ಮೈಸೂರಿನವರೆಗಿನ ಸುಮಾರು 118 ಕಿಲೋಮೀಟರಿಗೆ ಅರವತ್ತು ಸಾವಿರ ಸಲದ ಆಸುಪಾಸು ಹೀಗೆ ಬಾಗುತ್ತದೆ. ಕಾರಿನ ಭಾರವನ್ನು ಹೊರುವುದು ಮುಖ್ಯವಾಗಿ ಒಳಗಿನ ಗಾಳಿ. ರಬ್ಬರಿನ ಕೆಲಸ ಆ ಗಾಳಿಯನ್ನು ಹಿಡಿದಿಡುವುದು, ನೆಲವನ್ನು ಕಚ್ಚುವುದು. ಗಾಳಿ ಕಡಿಮೆಯಾದರೆ ಗೋಡೆ ಹೆಚ್ಚು ಬಾಗುತ್ತದೆ, ಹೆಚ್ಚು ಬಾಗಿದಷ್ಟೂ ಒಳಗೆ ಶಾಖ ಹುಟ್ಟುತ್ತದೆ. ಶಾಖ ಏರುತ್ತ ಹೋದರೆ ರಬ್ಬರು, ನೂಲಿನ ಪದರ ಮತ್ತು ಉಕ್ಕಿನ ತಂತಿಯ ಪದರಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಕೊನೆಗೆ ನೆಲ ಮುಟ್ಟುವ ಪಟ್ಟಿಯೇ ಕಿತ್ತುಬರುತ್ತದೆ, ಇಲ್ಲವೇ ಗೋಡೆ ಸಿಡಿಯುತ್ತದೆ. ಟೈರ್ ‘ಬರ್ಸ್ಟ್’ ಆಯಿತು ಎಂದು ನಾವು ಹೇಳುವ ಎಷ್ಟೋ ಪ್ರಕರಣಗಳ ಬೇರು ವಾರಗಟ್ಟಲೆ ಗಮನಕ್ಕೆ ಬಾರದೆ ಇಳಿದ ಗಾಳಿಯಲ್ಲಿರುತ್ತದೆ.

ಬೇಸಿಗೆಯಲ್ಲಿ ಗಾಳಿ ಹಿಗ್ಗಿ ಟೈರ್ ಸಿಡಿಯುತ್ತದೆ, ಆದ್ದರಿಂದ ನಾಲ್ಕೈದು ಪಾಯಿಂಟ್ ಕಡಿಮೆ ಹಾಕಿಸಬೇಕು ಎಂಬ ಮಾತು ನಮ್ಮ ಕಡೆ ಬಲವಾಗಿ ಬೇರೂರಿದೆ. ಇದು ಪೂರ್ತಿ ತಪ್ಪು, ಅಪಾಯಕಾರಿಯೂ ಹೌದು. ಓಡಿದಾಗ ಒತ್ತಡ ಮೂರು–ನಾಲ್ಕು ಪಿಎಸ್‌ಐ ಏರುವುದನ್ನು ಟೈರ್ ತಯಾರಿಸುವವರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿ ಬರೆದ ಅಂಕಿ ತಣ್ಣಗಿರುವ ಟೈರಿನದು. ಕಡಿಮೆ ಗಾಳಿ ಹಾಕಿಸಿ ಏಪ್ರಿಲ್ ಮಧ್ಯಾಹ್ನ ದಶಪಥ ಹತ್ತಿದವರು ಯಾವ ಶಾಖಕ್ಕೆ ಹೆದರಿದರೋ ಅದನ್ನೇ ಹೆಚ್ಚಿಸಿಕೊಳ್ಳುತ್ತಾರೆ.

ಒತ್ತಡ ಅಳೆಯುವ ಸಾಧನ ಕಾರಿನೊಳಗೇ ಇರಬೇಕು ಎಂಬ ಒತ್ತಾಯ ಹುಟ್ಟಿದ್ದು ಅಮೆರಿಕದಲ್ಲಿ, ದೊಡ್ಡ ದುರಂತ ಸರಣಿಯ ನಂತರ. 1986ರಲ್ಲೇ ಪೋರ್ಷೆ 959 ಎಂಬ ದುಬಾರಿ ಕಾರಿನಲ್ಲಿ ಇಂಥ ವ್ಯವಸ್ಥೆ ಬಂದಿತ್ತು. ಆದರೆ ಸಾಮಾನ್ಯರ ಕಾರಿಗೆ ಅದು ಇಳಿಯಲು ಇಪ್ಪತ್ತು ವರ್ಷ ಬೇಕಾಯಿತು. 1990ರ ದಶಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳ ಫೈರ್‌ಸ್ಟೋನ್ ಟೈರುಗಳ ಪಟ್ಟಿ ವೇಗದಲ್ಲಿ ಕಿತ್ತುಬಂದು ವಾಹನಗಳು ಮಗುಚಿದವು. ಅಲ್ಲಿನ ಸರ್ಕಾರಿ ಲೆಕ್ಕದಲ್ಲೇ 250ಕ್ಕೂ ಹೆಚ್ಚು ಜನ ಸತ್ತರು. 2000ದ ಆಗಸ್ಟ್‌ನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಯಲಾಯಿತು. ಆಗ ಎರಡು ಕಂಪನಿಗಳ ನಡುವೆ ಎದ್ದ ಜಗಳದ ಒಂದು ಎಳೆ ನಮಗೆ ಮುಖ್ಯ. ಫೋರ್ಡ್ ಆ ವಾಹನಕ್ಕೆ ಸೂಚಿಸಿದ್ದು 26 ಪಿಎಸ್‌ಐ, 30 ಇರಬೇಕಿತ್ತು ಎಂಬುದು ಫೈರ್‌ಸ್ಟೋನ್ ವಾದ. ದೋಷ ಟೈರಿನದೋ ವಾಹನದ್ದೋ ಎಂಬ ವಾದ ಏನೇ ಇರಲಿ, ನಾಲ್ಕು ಪಾಯಿಂಟಿನ ಅಂತರ ಅಲ್ಲಿ ಸಾವು ಬದುಕಿನ ಪ್ರಶ್ನೆಯಾಗಿ ಚರ್ಚೆಗೆ ಬಂತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕ ಕಾನೂನು ಮಾಡಿತು. 2007ರ ಸೆಪ್ಟೆಂಬರಿನಿಂದ ಅಲ್ಲಿ ತಯಾರಾಗುವ ಪ್ರತಿ ಹೊಸ ಕಾರಿಗೂ ಈ ದೀಪ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರಿನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ.

ದೀಪ ಒಂದೇ ಆದರೂ ಅದರ ಹಿಂದೆ ಕೆಲಸ ಮಾಡುವ ವಿಧಾನ ಎರಡು. ನಿಮ್ಮ ಕಾರಿನಲ್ಲಿರುವುದು ಯಾವುದು ಎಂದು ತಿಳಿಯದಿದ್ದರೆ ದೀಪದ ಮಾತು ಅರ್ಥವಾಗುವುದಿಲ್ಲ.

ಮೊದಲನೆಯದು ನೇರವಾಗಿ ಅಳೆಯುವ ವಿಧಾನ. ಪ್ರತಿ ಚಕ್ರದ ವಾಲ್ವಿನ ಬುಡಕ್ಕೆ, ಟೈರಿನ ಒಳಗೆ, ಪುಟ್ಟದೊಂದು ಸೆನ್ಸರ್ ಕೂರಿಸಿರುತ್ತಾರೆ. ಅದರಲ್ಲಿ ಒತ್ತಡ ಮತ್ತು ಶಾಖ ಅಳೆಯುವ ಚಿಪ್, ರೇಡಿಯೊ, ಒಂದು ಲಿಥಿಯಂ ಬ್ಯಾಟರಿ ಇರುತ್ತವೆ. ಕಾರು ನಿಂತಾಗ ಅದು ಬಹುಮಟ್ಟಿಗೆ ನಿದ್ರೆಯಲ್ಲಿರುತ್ತದೆ. ಚಕ್ರ ತಿರುಗಿದಾಗ ಎಚ್ಚರಗೊಂಡು, ಸಾಧಾರಣವಾಗಿ ನಿಮಿಷಕ್ಕೊಮ್ಮೆ ಅಳತೆಯನ್ನು ರೇಡಿಯೊ ಅಲೆಯಲ್ಲಿ ಕಾರಿನ ಕಂಪ್ಯೂಟರಿಗೆ ಕಳಿಸುತ್ತದೆ. ಪರದೆಯಲ್ಲಿ ನಾಲ್ಕೂ ಚಕ್ರದ ಅಂಕಿ ಬೇರೆ ಬೇರೆಯಾಗಿ ಕಂಡರೆ ಸಾಮಾನ್ಯವಾಗಿ ನಿಮ್ಮದು ಈ ಬಗೆಯದು.

ಎರಡನೆಯದು ಗಾಳಿಯನ್ನು ಮುಟ್ಟುವುದೇ ಇಲ್ಲ, ಚಕ್ರದ ಸುತ್ತನ್ನು ಎಣಿಸುತ್ತದೆ. 2019ರ ಏಪ್ರಿಲಿನಿಂದ ಭಾರತದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯ. ಅದಕ್ಕಾಗಿ ಪ್ರತಿ ಚಕ್ರದಲ್ಲೂ ವೇಗ ಅಳೆಯುವ ಸೆನ್ಸರ್ ಹೇಗೂ ಇರುತ್ತದೆ. ಗಾಳಿ ಇಳಿದ ಟೈರಿನ ಎತ್ತರ ತುಸು ಕುಗ್ಗುತ್ತದೆ. ದೊಡ್ಡವರ ಕೈ ಹಿಡಿದು ನಡೆಯುವ ಮಗು ಅಷ್ಟೇ ದಾರಿಗೆ ಹೆಚ್ಚು ಹೆಜ್ಜೆ ಹಾಕುವಂತೆ, ಕುಗ್ಗಿದ ಚಕ್ರ ಮಿಕ್ಕವಕ್ಕಿಂತ ಸ್ವಲ್ಪ ಹೆಚ್ಚು ಸುತ್ತುತ್ತದೆ. ವ್ಯತ್ಯಾಸ ಬಹಳ ಸಣ್ಣದು, ಕಿಲೋಮೀಟರಿಗೆ ಒಂದೆರಡು ಸುತ್ತು. ಕಂಪ್ಯೂಟರ್ ಅದನ್ನು ಹತ್ತಾರು ನಿಮಿಷ ಗಮನಿಸಿ, ತಿರುವಿನಿಂದಲೋ ಜಾರಿಕೆಯಿಂದಲೋ ಬಂದ ವ್ಯತ್ಯಾಸ ಅಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ದೀಪ ಹತ್ತಿಸುತ್ತದೆ. ಹೊಸ ತಲೆಮಾರಿನ ವ್ಯವಸ್ಥೆಗಳು ಚಕ್ರದ ಕಂಪನವನ್ನೂ ಓದುತ್ತವೆ. ಬೇರೆ ಯಂತ್ರಭಾಗವೇ ಬೇಡ, ಸಾಫ್ಟ್‌ವೇರ್ ಸಾಕು. ಹಾಗಾಗಿ ಇದು ಅಗ್ಗ.

ಅಗ್ಗವಾದ ಈ ವಿಧಾನದ ದೊಡ್ಡ ಕೊರತೆ ನಮ್ಮ ನಿತ್ಯದ ಪರಿಸ್ಥಿತಿಗೇ ಸಂಬಂಧಿಸಿದ್ದು. ಟ್ಯೂಬ್‌ಲೆಸ್ ಟೈರಿನಿಂದ ಪಂಚರ್ ಇಲ್ಲದೆಯೂ ತಿಂಗಳಿಗೆ ಒಂದು ಪಿಎಸ್‌ಐ ಅಥವಾ ಇನ್ನೂ ಸ್ವಲ್ಪ ಹೆಚ್ಚು ಗಾಳಿ ರಬ್ಬರಿನ ಮೂಲಕವೇ ಹೊರಹೋಗುತ್ತದೆ. ನಾಲ್ಕು ತಿಂಗಳು ಗಾಳಿ ನೋಡಿಸದಿದ್ದರೆ ನಾಲ್ಕೂ ಟೈರು ಒಟ್ಟಿಗೆ ಇಳಿದಿರುತ್ತವೆ. ಒಂದನ್ನು ಇನ್ನೊಂದಕ್ಕೆ ಹೋಲಿಸಿ ನೋಡುವ ಯಂತ್ರಕ್ಕೆ ಎಲ್ಲವೂ ಸಮವಾಗಿ ಕುಗ್ಗಿದ್ದು ಸುಲಭಕ್ಕೆ ಕಾಣುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಗಾಳಿ ತುಂಬಿಸಿದ ಮೇಲೆ ಬಟನ್ ಒತ್ತಿಯೋ ಪರದೆಯಲ್ಲಿ ಆಯ್ದೋ ‘ಇದೇ ಸರಿಯಾದ ಅಳತೆ’ ಎಂದು ಈ ವ್ಯವಸ್ಥೆಗೆ ಹೇಳಿಕೊಡಬೇಕು. ದೀಪ ಕಿರಿಕಿರಿ ಮಾಡುತ್ತಿದೆ ಎಂದು ಗಾಳಿ ನೋಡದೆ ಆ ಬಟನ್ ಒತ್ತಿದರೆ ದೀಪವೇನೋ ಆರುತ್ತದೆ, ಆದರೆ ಇಳಿದ ಗಾಳಿಯನ್ನೇ ಕಂಪ್ಯೂಟರ್ ಸರಿಯೆಂದು ಕಲಿತುಬಿಡುತ್ತದೆ. ಹೀಗೆ ಮಾಡಿಕೊಂಡ ಕಾರುಗಳನ್ನು ಕಂಡಿದ್ದೇನೆ.

ನೇರ ಅಳತೆಯದು ಇದಕ್ಕಿಂತ ಉತ್ತಮ, ಅನುಮಾನವಿಲ್ಲ. ಆದರೂ ಎರಡಕ್ಕೂ ಸೇರಿದ ಮುಖ್ಯ ಮಿತಿ ದೀಪ ಹತ್ತುವ ಹಂತದಲ್ಲಿದೆ. ಅಮೆರಿಕದ ನಿಯಮದ ಪ್ರಕಾರ ಚೀಟಿಯ ಅಂಕಿಗಿಂತ ಶೇ 25ರಷ್ಟು ಇಳಿದ ಮೇಲೆ, 20 ನಿಮಿಷದೊಳಗೆ ದೀಪ ಹತ್ತಿದರೆ ಸಾಕು. ಯುರೋಪಿನ ನಿಯಮ ಬಿಗಿ: ಓಡಿ ಬಿಸಿಯಾದಾಗಿನ ಒತ್ತಡಕ್ಕಿಂತ ಶೇ 20ರಷ್ಟು ಇಳಿದರೆ 10 ನಿಮಿಷದಲ್ಲಿ ಎಚ್ಚರಿಸಬೇಕು. ಚೀಟಿಯಲ್ಲಿ 33 ಎಂದಿದ್ದರೆ ಶೇ 25 ಎಂದರೆ ಹತ್ತಿರ ಹತ್ತಿರ 25 ಪಿಎಸ್‌ಐ. ನಿಮ್ಮ ಕಾರಿನ ಹಂತ ಅದೇ ಆಗಿದ್ದರೆ, 26ಕ್ಕೆ ಇಳಿದರೂ ಮೀಟರ್ ಬೋರ್ಡ್ ಕತ್ತಲಾಗಿಯೇ ಇರಬಹುದು. ಏಳು ಪಾಯಿಂಟ್ ಕಡಿಮೆ ಗಾಳಿಯಲ್ಲಿ ಬಿಡದಿಯಿಂದ ಗಣಂಗೂರು ಟೋಲಿನವರೆಗೆ 100ರಲ್ಲಿ ಹೋದವರಿಗೆ ತಾವು ಏನು ಮಾಡಿದೆವೆಂದೇ ತಿಳಿದಿರುವುದಿಲ್ಲ. ಈ ಲೇಖನದಲ್ಲಿ ನೆನಪಿಡಬೇಕಾದ ಅಂಕಿ ಒಂದೇ ಇದ್ದರೆ, ಅದು ಈ 33 ಮತ್ತು 25ರ ನಡುವಿನ ಅಂತರ.

ಚಳಿಗಾಲದ ಬೆಳಿಗ್ಗೆ ದೀಪ ಹತ್ತಿ, ಅರ್ಧ ಗಂಟೆ ಓಡಿದ ಮೇಲೆ ಆರಿಹೋಗುವುದನ್ನು ಬಹಳ ಜನ ಸೆನ್ಸರಿನ ದೋಷ ಎನ್ನುತ್ತಾರೆ. ದೋಷವಲ್ಲ. ಶಾಖ 10 ಡಿಗ್ರಿ ಸೆಲ್ಸಿಯಸ್ ಬದಲಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಬದಲಾಗುತ್ತದೆ. ಬಿಸಿಲಲ್ಲಿ ಓಡಿಸಿಕೊಂಡು ಬಂದು, ಟೈರ್ ಕಾದಿರುವಾಗಲೇ ಬಂಕಿನಲ್ಲಿ 33 ಹಾಕಿಸಿದರೆ, ತಣ್ಣಗಾದ ಮೇಲೆ ಅದು 29 ಆಗಿರಬಹುದು. ಮುಂದೆ ಒಂದೆರಡು ತಿಂಗಳ ಸೋರಿಕೆ, ಜನವರಿಯ ಮುಂಜಾನೆಯ ಚಳಿ ಎಲ್ಲ ಸೇರಿದಾಗ ಗಾಳಿ ದೀಪದ ಹಂತ ಮುಟ್ಟುತ್ತದೆ. ಓಡಿ ಬಿಸಿಯಾದಾಗ ದೀಪ ಆರುವುದು ಗಾಳಿ ಸರಿಯಾಯಿತೆಂದಲ್ಲ, ಶಾಖ ಅಂಕಿಯನ್ನು ಮೇಲೆತ್ತಿದೆ ಅಷ್ಟೇ. ದೀಪ ಒಂದು ನಿಮಿಷದಷ್ಟು ಹೊತ್ತು ಮಿನುಗಿ ಆಮೇಲೆ ಸ್ಥಿರವಾಗಿ ನಿಂತರೆ ಮಾತ್ರ ದೋಷ ವ್ಯವಸ್ಥೆಯದು: ಸೆನ್ಸರಿನ ಬ್ಯಾಟರಿ ಮುಗಿದಿರಬಹುದು, ಸೆನ್ಸರೇ ಮುರಿದಿರಬಹುದು. ಆ ಬ್ಯಾಟರಿಯ ಆಯಸ್ಸು ಐದರಿಂದ ಹತ್ತು ವರ್ಷ. ಬಹುತೇಕ ಸೆನ್ಸರುಗಳಲ್ಲಿ ಬ್ಯಾಟರಿ ಮಾತ್ರ ಬದಲಿಸಲು ಬರುವುದಿಲ್ಲ, ಸೆನ್ಸರನ್ನೇ ಬದಲಿಸಬೇಕು. ಟೈರ್ ಬಿಚ್ಚುವ ಮೊದಲು ‘ವಾಲ್ವಲ್ಲಿ ಸೆನ್ಸರ್ ಅದೆ, ಜೋಪಾನ’ ಎಂದು ಪಂಚರ್ ಅಂಗಡಿಯವರಿಗೆ ಹೇಳುವುದನ್ನು ಮರೆಯಬೇಡಿ. ಕಬ್ಬಿಣದ ಪಟ್ಟಿ ಹಾಕಿ ಮೀಟಿದರೆ ಒಂದೇ ಏಟಿಗೆ ಅದು ಹೋಗುತ್ತದೆ.

ದಶಪಥ ಬಿಟ್ಟು ಮಳವಳ್ಳಿಯ ಕಡೆ ತಿರುಗಿದರೆ ಮಿತಿಗಳ ಇನ್ನೊಂದು ಮುಖ ಕಾಣುತ್ತದೆ. ಬೆಂಗಳೂರಿನಿಂದ ಕನಕಪುರ, ಸಾತನೂರು, ಹಲಗೂರು ಹಾದು ಬರುವ ರಾಷ್ಟ್ರೀಯ ಹೆದ್ದಾರಿ 948 ಮಳವಳ್ಳಿಯ ಮೂಲಕ ಕೊಳ್ಳೇಗಾಲಕ್ಕೆ ಹೋಗುತ್ತದೆ. ಮದ್ದೂರಿನಿಂದ ಕೆ.ಎಂ.ದೊಡ್ಡಿಯ ಮೇಲೆ ಬರುವ ರಸ್ತೆಯೂ ಇಲ್ಲೇ ಕೂಡುತ್ತದೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಅಮಾವಾಸ್ಯೆಗೆ, ಶಿವರಾತ್ರಿಗೆ, ದೀಪಾವಳಿಗೆ ಹೋಗುವ ಕುಟುಂಬಗಳ ದಾರಿ ಇದು. ಭಾನುವಾರ ಮುತ್ತತ್ತಿಗೆ, ಗಗನಚುಕ್ಕಿಗೆ ಹೋಗುವವರ ದಾರಿಯೂ ಹೌದು. ಐದು ಜನರ ಕಾರಿನಲ್ಲಿ ಏಳು ಜನ, ಡಿಕ್ಕಿಯಲ್ಲಿ ಪಾತ್ರೆ, ಅಕ್ಕಿ, ನೀರಿನ ಕ್ಯಾನು. ಬಾಗಿಲ ಚೀಟಿಯನ್ನು ಓದಿದರೆ ಅನೇಕ ಕಾರುಗಳಲ್ಲಿ ಎರಡು ಅಂಕಿ ಇರುತ್ತವೆ, ಇಬ್ಬರು–ಮೂವರಿದ್ದಾಗ ಒಂದು, ಪೂರ್ತಿ ಭಾರ ಇದ್ದಾಗ ಹಿಂದಿನ ಚಕ್ರಕ್ಕೆ ಹೆಚ್ಚಿನದು ಇನ್ನೊಂದು. ಕಾರಿನಲ್ಲಿ ಎಷ್ಟು ಜನ ಕೂತಿದ್ದಾರೆ ಎಂಬುದು ಸಾಮಾನ್ಯ ಟಿಪಿಎಂಎಸ್‌ಗೆ ತಿಳಿಯುವುದಿಲ್ಲ. ಖಾಲಿ ಕಾರಿಗೆ ಸಾಕಾಗುವ ಗಾಳಿ ಭರ್ತಿ ಕಾರಿಗೆ ಕಡಿಮೆಯಾದಾಗ ದೀಪ ಸುಮ್ಮನಿರುತ್ತದೆ. ಬೆಟ್ಟಕ್ಕೆ ಹೊರಡುವ ಮುನ್ನ ಹಿಂದಿನ ಎರಡು ಟೈರಿಗೆ ಭಾರದ ಅಂಕಿಯಂತೆ ಗಾಳಿ ಹಾಕಿಸುವವರು ಎಷ್ಟು ಮಂದಿ? ನಾನು ಕೇಳಿದವರಲ್ಲಿ ಬಹುತೇಕರಿಗೆ ಆ ಎರಡನೆಯ ಅಂಕಿ ಇದೆಯೆಂದೇ ಗೊತ್ತಿರಲಿಲ್ಲ.

ಕಬ್ಬು ಅರೆಯುವ ಕಾಲದಲ್ಲಿ ಮದ್ದೂರು–ಮಳವಳ್ಳಿ ದಾರಿಯಲ್ಲಿ ಜೋಡಿ ಟ್ರೈಲರ್ ಎಳೆಯುವ ಟ್ರ್ಯಾಕ್ಟರುಗಳು, ಟೈರ್ ಗಾಡಿಗಳು, ಲಾರಿಗಳು ಸಾಲುಗಟ್ಟುತ್ತವೆ. ಅವನ್ನು ಹಿಂದಿಕ್ಕುವ ಅವಸರದಲ್ಲಿ ಕಾರಿನ ಚಕ್ರ ಟಾರಿನ ಅಂಚಿನಿಂದ ಇಳಿದು ಏರುತ್ತದೆ, ಇಲ್ಲವೇ ಬಣ್ಣ ಹಚ್ಚದ ಹಂಪಿಗೆ, ಗುಂಡಿಗೆ ಬಡಿಯುತ್ತದೆ. ಆ ಏಟಿಗೆ ಪಕ್ಕದ ಗೋಡೆಯೊಳಗಿನ ನೂಲು ತುಂಡಾದರೆ ಅಲ್ಲಿ ಬೋರೆಯಂತೆ ಊದಿಕೊಳ್ಳುತ್ತದೆ. ಗಾಳಿ ಒಂದಿಷ್ಟೂ ಸೋರದಿರಬಹುದು, ಅಳತೆ 33 ತೋರಿಸುತ್ತಲೇ ಇರಬಹುದು. ಆ ಟೈರ್ ಮಾತ್ರ ಯಾವ ಕ್ಷಣದಲ್ಲಿ ಬೇಕಾದರೂ ಸಿಡಿದೀತು. ಅದನ್ನು ಹಿಡಿಯುವುದು ಕಣ್ಣು ಮತ್ತು ಬೆರಳು ಮಾತ್ರ. ಲಾರಿಯವರು ಹೊರಡುವ ಮುನ್ನ ಚಕ್ರದ ಸುತ್ತ ನಡೆದು ಕಬ್ಬಿಣದ ರಾಡಿನಿಂದ ಟೈರುಗಳನ್ನು ಕುಟ್ಟಿ ಸದ್ದು ಆಲಿಸುತ್ತಾರಲ್ಲ, ಆ ಸದ್ದು ಒತ್ತಡದ ಅಂಕಿಯನ್ನೇನೂ ಹೇಳುವುದಿಲ್ಲ. ಆದರೆ ಎಲ್ಲ ಚಕ್ರದ ಬಳಿಯೂ ಒಮ್ಮೆ ಬಗ್ಗಿ ನೋಡುವ ಆ ಶಿಸ್ತು ಕಾರಿನವರಿಗೆ ಬರಬೇಕು.

ಟೈರಿನ ವಯಸ್ಸನ್ನೂ ದೀಪ ಹೇಳದು. ಪಕ್ಕದ ಗೋಡೆಯಲ್ಲಿ ‘ಡಾಟ್’ ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಬೆಂಗಳೂರಿನಲ್ಲಿರುವ ಮಕ್ಕಳು ಬಂದಾಗ ಮಾತ್ರ ಹೊರಬರುವ ಕಾರುಗಳು ನಮ್ಮ ಹಳ್ಳಿಗಳಲ್ಲಿ ಬಹಳ ಇವೆ. ಅವುಗಳ ಗ್ರಿಪ್ ಹೊಸದರಂತೆ ಕಾಣುತ್ತದೆ, ರಬ್ಬರು ಮಾತ್ರ ಬಿರುಕು ಬಿಟ್ಟಿರುತ್ತದೆ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಬಲ್ಲವರಿಗೆ ತೋರಿಸಬೇಕು, ಹತ್ತು ವರ್ಷವಾದದ್ದನ್ನು ಗ್ರಿಪ್ ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಬೇಕು. ಗ್ರಿಪ್‌ನ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಲೆಕ್ಕದಲ್ಲೂ ಆ ಟೈರಿನ ಕತೆ ಮುಗಿಯಿತು.

ನಮ್ಮ ದೇಶದಲ್ಲಿ ಕಾರಿಗೆ ಟಿಪಿಎಂಎಸ್ ಕಡ್ಡಾಯವಾಗಿಲ್ಲ. 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೂರೂವರೆ ಟನ್‌ವರೆಗಿನ ವಾಹನಗಳಲ್ಲಿ ಇದನ್ನು ಅಳವಡಿಸಿದರೆ ಅದು ಎಐಎಸ್–154 ಮಾನದಂಡದಂತೆ ಇರಬೇಕು ಎಂದಿತು. ಟಿಪಿಎಂಎಸ್ ಜೊತೆಗೆ ಪಂಚರ್ ರಿಪೇರಿ ಕಿಟ್ ಕೊಟ್ಟರೆ ಸ್ಟೆಪ್ನಿ ಕೊಡಲೇಬೇಕಿಲ್ಲ ಎಂದೂ ಹೇಳಿತು. ನಗರದೊಳಗೆ ಓಡಾಡುವವರಿಗೆ ಇದು ಸರಿ ಇರಬಹುದು. ರಾತ್ರಿ ಹಲಗೂರು ದಾಟಿದ ಮೇಲೆ ಪಕ್ಕದ ಗೋಡೆ ಹರಿದುಕೊಂಡವರಿಗೆ ಕಿಟ್ಟಿನ ಅಂಟು ದ್ರವ ಏನೂ ಮಾಡದು. ನೆಲ ಮುಟ್ಟುವ ಭಾಗದ ಸಣ್ಣ ತೂತನ್ನಷ್ಟೇ ಅದು ಮುಚ್ಚುತ್ತದೆ. ಗ್ರಾಮೀಣ ರಸ್ತೆಯಲ್ಲಿ ಓಡಾಡುವವರು ಕಾರು ಕೊಳ್ಳುವಾಗ ಸ್ಟೆಪ್ನಿ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದ್ದರೂ ಅದರ ಗಾಳಿಯನ್ನು ಬಹುತೇಕ ಕಾರುಗಳ ಟಿಪಿಎಂಎಸ್ ನೋಡುವುದಿಲ್ಲ, ನೀವೇ ನೋಡಿಸಬೇಕು.

ಹಳೆಯ ಕಾರಿನವರು ವಾಲ್ವಿನ ಮುಚ್ಚಳದ ಜಾಗಕ್ಕೆ ತಿರುಗಿಸುವ ಸೆನ್ಸರುಗಳನ್ನು ಕೊಂಡು ಹಾಕಿಕೊಳ್ಳುತ್ತಿದ್ದಾರೆ. ಒಳ್ಳೆಯದೇ, ಅಂಕಿ ಕಣ್ಣೆದುರು ಇರುತ್ತದೆ. ಆದರೆ ಇವು ವಾಲ್ವಿನ ಮೊಳೆಯನ್ನು ಸದಾ ಒತ್ತಿ ಹಿಡಿದಿರುತ್ತವೆ, ಒಳಗಿನ ರಬ್ಬರ್ ವಾಷರ್ ಸವೆದರೆ ಗಾಳಿ ಸೋರುವುದು ಇವುಗಳಿಂದಲೇ. ತಿಂಗಳಿಗೊಮ್ಮೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ನೈಟ್ರೋಜನ್ ತುಂಬಿಸಿದ್ದೇವೆ, ಇನ್ನು ನೋಡುವ ಅಗತ್ಯವಿಲ್ಲ ಎನ್ನುವವರಿಗೂ ಒಂದು ಮಾತು: ಸಾಧಾರಣ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಸೋರಿಕೆ ತುಸು ನಿಧಾನವಾಗಬಹುದು, ನಿಲ್ಲುವುದಿಲ್ಲ.

ತೈಲ ಕಂಪನಿಗಳ ನಿಯಮದಂತೆ ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತವಾಗಿ ಸಿಗಬೇಕು. ಯಂತ್ರ ಕೆಟ್ಟಿದೆ ಎಂದರೆ ಸುಮ್ಮನೆ ಹೋಗದೆ ದೂರು ಬರೆಯಿರಿ. ಗಾಳಿ ನೋಡುವ ಸಣ್ಣ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಬೆಳಿಗ್ಗೆ ಕಾರು ತೆಗೆಯುವ ಮುನ್ನ ಮನೆಯ ಮುಂದೆಯೇ ಅಳೆದುಕೊಳ್ಳಬಹುದು. ಹೆದ್ದಾರಿ ಪ್ರಾಧಿಕಾರಕ್ಕೂ ಒಂದು ಬೇಡಿಕೆ ಇದೆ. ಬಂಕು, ಪಂಚರ್ ಅಂಗಡಿಗಳಿಗೆ ದಶಪಥದಿಂದ ಸರ್ವಿಸ್ ರಸ್ತೆಗೆ ಇಳಿದೇ ಹೋಗಬೇಕು. ಸಾವಿರಾರು ವಾಹನಗಳಿಂದ ಹಣ ಪಡೆಯುವ ಟೋಲ್ ಪ್ಲಾಜಾಗಳ ಪಕ್ಕದಲ್ಲಿ, ಸರಿಯಾದ ಅಳತೆಯ ಮೀಟರ್ ಇರುವ ಗಾಳಿ ಯಂತ್ರವನ್ನು ಇಡಬೇಕು. ಅಲ್ಲಿ ಅಳೆಯುವಾಗ ಟೈರ್ ಬಿಸಿಯಾಗಿರುತ್ತದೆ ನಿಜ. ಚೀಟಿಯ ಅಂಕಿಗಿಂತ ಮೂರು–ನಾಲ್ಕು ಪಾಯಿಂಟ್ ಹೆಚ್ಚು ಕಂಡರೆ ಗಾಳಿ ಬಿಡಬೇಡಿ. ಬಿಸಿಯಾಗಿಯೂ ಚೀಟಿಯ ಅಂಕಿಗಿಂತ ಕಡಿಮೆ ಕಂಡರೆ ತುಂಬಿಸದೆ ಮುಂದೆ ಹೋಗಬೇಡಿ.

ಓಡುತ್ತಿರುವಾಗ ದೀಪ ಹತ್ತಿದರೆ ಗಟ್ಟಿಯಾಗಿ ಬ್ರೇಕ್ ಒತ್ತದೆ ವೇಗ ಇಳಿಸಿ, ಎಡಕ್ಕೆ ಸರಿದು, ಸಾಧ್ಯವಾದರೆ ಮುಂದಿನ ನಿರ್ಗಮನದಲ್ಲಿ ಸರ್ವಿಸ್ ರಸ್ತೆಗೆ ಇಳಿಯಿರಿ. ಟೈರ್ ಸಿಡಿದೇಬಿಟ್ಟರೆ ಸ್ಟಿಯರಿಂಗ್ ಬಿಗಿಯಾಗಿ ನೇರ ಹಿಡಿದು, ಆಕ್ಸಿಲರೇಟರಿನಿಂದ ನಿಧಾನವಾಗಿ ಕಾಲು ತೆಗೆಯಿರಿ. ಕಾರು ತಾನೇ ವೇಗ ಕಳೆದುಕೊಳ್ಳಲಿ, ಬ್ರೇಕ್ ಆಮೇಲೆ. ಪಥದ ನಡುವೆ ನಿಂತು ಚಕ್ರ ಬದಲಿಸಲು ಹೋಗಬೇಡಿ. ಒಳಗಿದ್ದವರನ್ನೆಲ್ಲ ಇಳಿಸಿ ತಡೆಬೇಲಿಯ ಆಚೆ ನಿಲ್ಲಿಸಿ, ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033ಕ್ಕೆ ಕರೆ ಮಾಡಿ.